ತಿಪ್ಪೇಸ್ವಾಮಿಗೊಂದು ಚೀನೀ ಹೆಸರು

ಚೀನೀ ಭಾಷೆ ಕಷ್ಟ ಎನ್ನುವವರೆಲ್ಲ ಅದನ್ನು ಕಲಿಯದವರು. ನಾನು ಐವತ್ತೆಂಟನೆಯ ವಯಸ್ಸಿನಲ್ಲಿ, ಹೊಸದುರ್ಗದ ಪೇಟೆ ಬೀದಿಯಲ್ಲಿ, ಹೊಲಿಗೆ ಯಂತ್ರಗಳ ನಡುವೆ ಕುಳಿತು ಮೂರು ತಿಂಗಳು ಕಲಿತವನು. ಆದ್ದರಿಂದ ಅಧಿಕಾರಯುತವಾಗಿ ಹೇಳುತ್ತೇನೆ: ಭಾಷೆ ಸುಲಭ. ಕಷ್ಟವಾದದ್ದು ಹೆಸರು!

ಹೊಲಿಗೆ ಯಂತ್ರ ರಿಪೇರಿ ನನ್ನ ಕಸುಬು. ತಿಪ್ಪೇಸ್ವಾಮಿ ಕೈ ಹಾಕಿದರೆ ಓಡದ ಯಂತ್ರವಿಲ್ಲ ಎಂಬ ಕೀರ್ತಿ ಮತ್ತೋಡಿನಿಂದ ಐಮಂಗಲದವರೆಗೆ ಹಬ್ಬಿತ್ತು. ಹಬ್ಬಿಸಿದವನು ನಾನೇ. ಹೀಗಿರಲಾಗಿ ಐಮಂಗಲದ ಟೈಲರ್ ಗಿರಿಜಮ್ಮ ಒಂದು ಕಂಪ್ಯೂಟರ್ ಕಸೂತಿ ಯಂತ್ರವನ್ನು ಆಟೋದಲ್ಲಿ ತಂದು ಇಳಿಸಿದಳು. ಅದರ ಪರದೆಯ ತುಂಬ ಚೀನೀ ಅಕ್ಷರ.

"ನಿಮಗೆ ಇದು ಓದಾಕೆ ಬರ್ತೈತಾ ಅಣ್ಣ?"

"ಯಂತ್ರ ಓದೋದಲ್ಲಮ್ಮ, ಬಿಚ್ಚೋದು" ಎಂದೆ.

ಬಿಚ್ಚಿದೆ, ಜೋಡಿಸಿದೆ, ಉಳಿದ ಎರಡು ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡೆ. ಪರೀಕ್ಷೆಗೆಂದು ಆಕೆ ಕೊಟ್ಟಿದ್ದ ಮದುಮಗಳ ರವಿಕೆಯ ಬೆನ್ನಿಗೆ ಒಂದು ನವಿಲು ಹಾಕಬೇಕಿತ್ತು. ಹಾಕಿತು. 'ನಿಲ್ಲು' ಎಂದು ನಾನು ಊಹಿಸಿದ್ದ ಗುಂಡಿ ಒತ್ತಿದೆ. ಯಂತ್ರ ಎರಡನೆಯ ನವಿಲು ಶುರು ಮಾಡಿತು. ಮತ್ತೆ ಒತ್ತಿದೆ. ಹನ್ನೊಂದು ನವಿಲು ಮುಗಿಸಿ ಹನ್ನೆರಡನೆಯದನ್ನು ನನ್ನ ಅಂಗಿಯ ತೋಳಿನ ಮೇಲೆ ಆರಂಭಿಸಿದಾಗ, ಪಕ್ಕದ ಅಂಗಡಿಯ ಖಾದರ್ ಓಡಿಬಂದು ವೈರು ಕಿತ್ತ. ಖಾದರ್ ಟೈಲರು, ಒಂದನೇ ಕ್ಲಾಸಿನಿಂದ ನನ್ನ ಗೆಳೆಯ. ತೋಳನ್ನು ನೋಡಿ, "ಕುತ್ತಿಗೆ ಚಲೋ ಬಂದೈತೆ ಕಣಲೇ, ಬಾಲ ಇಲ್ಲ" ಎಂದ.

ಆ ಕ್ಷಣವೇ ಶಪಥ ಮಾಡಿದೆ, ಈ ಭಾಷೆಯನ್ನು ಕಲಿತೇ ತೀರುವೆನೆಂದು. ಕನ್ನಡದ ಕಾಗುಣಿತವನ್ನೂ ಒತ್ತಕ್ಷರವನ್ನೂ ಗೆದ್ದವನಿಗೆ ಚೀನೀ ಯಾವ ಲೆಕ್ಕ!

ಫೋನಿನಲ್ಲಿ ತರಗತಿ, ಸಂಜೆ ಆರಕ್ಕೆ. ಗುರುಗಳು ಚೀನಾದ ಲಿಲಿ ಮೇಡಂ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಶಿಷ್ಯರು ಏಳು ಜನ. ಆರು ಜನ ಬೇರೆ ಬೇರೆ ಊರಿನ ಕಾಲೇಜು ಮಕ್ಕಳು, ಏಳನೆಯವನು ನಾನು. ಮೇಡಂ ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ದರ್ಜೆಯವಾದ್ದರಿಂದ ನಮ್ಮಿಬ್ಬರಿಗೆ ಮಾತ್ರ ಪರಸ್ಪರ ಚೆನ್ನಾಗಿ ಅರ್ಥವಾಗುತ್ತಿತ್ತು.

ಮೊದಲ ಪಾಠದಲ್ಲೇ ನನಗೂ ಪುಸ್ತಕಕ್ಕೂ ಜಗಳ. 'ಚೀನೀಯರು ಎದುರಾದಾಗ ಊಟ ಆಯಿತೇ ಎಂದು ಕೇಳುತ್ತಾರೆ. ಈ ವಿಶಿಷ್ಟ ಸಂಸ್ಕೃತಿಯನ್ನು ಗೌರವಿಸಿ' ಎಂದು ಬರೆದಿತ್ತು. ವಿಶಿಷ್ಟವಂತೆ! ಹೊಸದುರ್ಗದಲ್ಲಿ ಜಗಳಕ್ಕೆ ಬಂದವರೂ ಊಟ ಆಯ್ತಾ ಎಂದು ಕೇಳಿಯೇ ತೋಳೇರಿಸುವುದು. ಕೈಯೆತ್ತಿ ಇದನ್ನು ತಿಳಿಸಿದೆ. ಲಿಲಿ ಮೇಡಂ ಪುಸ್ತಕದಲ್ಲಿ ಆ ಸಾಲಿನ ಪಕ್ಕ ಏನೋ ಗುರುತು ಹಾಕಿಕೊಂಡರು. ಒಂದು ದೇಶದ ಪಠ್ಯವನ್ನು ತಿದ್ದಿದ ತೃಪ್ತಿಯಲ್ಲಿ ಅಂದು ಎರಡು ಮುದ್ದೆ ಹೆಚ್ಚು ಉಂಡೆ.

ನಾಲ್ಕನೆಯ ಪಾಠದಲ್ಲಿ ನಿಜವಾದ ಯುದ್ಧ ಶುರುವಾಯಿತು. ಪಾಠದ ಹೆಸರು 'ಸಂಸ್ಕೃತಿಗಳ ವ್ಯತ್ಯಾಸವನ್ನು ಗೌರವಿಸುವುದು'. ಗೌರವದ ಮೊದಲ ಹೆಜ್ಜೆಯಾಗಿ ಪ್ರತಿಯೊಬ್ಬರೂ ಒಂದು ಚೀನೀ ಹೆಸರು ಇಟ್ಟುಕೊಳ್ಳಬೇಕಂತೆ. ಕೊನೆಗೆ ಕೊಡುವ ಪ್ರಮಾಣಪತ್ರದಲ್ಲೂ ಅದೇ ಹೆಸರಂತೆ. ಹುಡುಗರೆಲ್ಲ 'ಬೆಳದಿಂಗಳು', 'ಬಿಳಿ ಮೋಡ' ಎಂದೆಲ್ಲ ಹೆಸರು ಪಡೆದು ಕೃತಾರ್ಥರಾದರು. ನನ್ನ ಸರದಿ ಬಂದಾಗ ಮೇಡಂ, "ನಿಮಗೆ 'ಶಾಂತ ಪರ್ವತ' ಎಂಬ ಹೆಸರು ಹೊಂದುತ್ತದೆ" ಎಂದರು.

ಒಳಗಿನಿಂದ ನನ್ನ ಹೆಂಡತಿ ಕಿಸಕ್ಕನೆ ನಕ್ಕಳು. ನಮ್ಮ ಮನೆ ಅಂಗಡಿಯ ಹಿಂದೆಯೇ ಇದೆ; ನಡುವೆ ಒಂದು ಪರದೆ ಅಷ್ಟೆ. "ಪರ್ವತ ಸರಿ. ಶಾಂತ ಯಾವಾಗ ಆಗಿತ್ತು?"

ನಾನು ನಗಲಿಲ್ಲ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕುವುದೆಂದು ಮೊಳೆ ಕೂಡ ಹೊಡೆದಾಗಿತ್ತು. ಅದರ ಮೇಲೆ 'ಶಾಂತ ಪರ್ವತ' ಎಂದಿದ್ದರೆ ಪೇಟೆಯಲ್ಲಿ ಯಾರು ನಂಬುತ್ತಾರೆ?

"ಮೇಡಂ, ನನಗೆ ಹೆಸರು ಇದೆ. ತಿಪ್ಪೇಸ್ವಾಮಿ" ಎಂದೆ.

"ಅದು ನಮಗೆ ಹೇಳಲು ಬಹಳ ಉದ್ದ."

"ನಾಲ್ಕೇ ಅಕ್ಷರ ಮೇಡಂ. ನಿಮ್ಮ ಭಾಷೆಯಲ್ಲಿ ದನಿ ಏರಿಳಿಸುವ ನಾಲ್ಕು ಸ್ವರಕ್ಕಾಗಿ ನಾನು ದಿನವೂ ಅಂಗಡಿಯಲ್ಲಿ ಮಾ ಮಾ ಮಾ ಮಾ ಎಂದು ಅರಚುತ್ತಿದ್ದೇನೆ. ಗಿರಾಕಿಗಳು ಹೊಸ್ತಿಲಿನಿಂದಲೇ ವಾಪಸ್ಸು ಹೋಗುತ್ತಿದ್ದಾರೆ. ನೀವು ನಾಲ್ಕು ಅಕ್ಷರ ಕಲಿಯಲಾರಿರಾ? ಗೌರವ ಎಂದರೆ ಒಂದೇ ಕಡೆ ಓಡುವ ಬಸ್ಸೇ?"

ಮೇಡಂ ಪುಸ್ತಕ ಮುಚ್ಚಿಟ್ಟರು. ಆಮೇಲೆ ಮೆತ್ತಗೆ, "ನನ್ನ ಹೆಸರೂ ಲಿಲಿ ಅಲ್ಲ. ನೀವೆಲ್ಲ ಹೇಳಲಾರಿರಿ ಎಂದು ನಾನೇ ಲಿಲಿ ಆಗಿದ್ದೇನೆ" ಎಂದರು.

ಅಲ್ಲಿಗೆ ನಾನು ತಣ್ಣಗಾಗಬೇಕಿತ್ತು. ಬದಲಿಗೆ ಇನ್ನಷ್ಟು ಬಿಸಿಯಾದೆ! ಹಾಗಾದರೆ ಇಬ್ಬರಿಗೂ ಅನ್ಯಾಯ! ಅವರ ನಿಜವಾದ ಹೆಸರು ಕೇಳಿ ಬರೆದುಕೊಂಡೆ: ಷ್ಯೂಯಿಂಗ್. ಮೂರು ದಿನ ನಾಲಗೆ ಮಡಚಿ ಅಭ್ಯಾಸ ಮಾಡಿದೆ. ನಾಲ್ಕನೆಯ ದಿನ ನಾನು "ಷ್ಯೂಯಿಂಗ್ ಮೇಡಂ" ಎಂದಾಗ ಅವರ ಮುಖ ಅರಳಿತು. ಪ್ರತಿಯಾಗಿ ಅವರು, "ತಿ... ಪೇ... ಸು... ವಾ..." ಎಂದು ಹೊರಟು ದಾರಿಯಲ್ಲೇ ನಿಂತರು. ಆದರೂ ಒಪ್ಪಂದವಾಯಿತು. ಕೊನೆಯ ತರಗತಿಯಲ್ಲಿ ನನ್ನ ಹೆಸರಿನ ಅರ್ಥವನ್ನೂ ಕಥೆಯನ್ನೂ ನಾನು ಚೀನೀ ಭಾಷೆಯಲ್ಲೇ ವಿವರಿಸಬೇಕು. ವಿವರಿಸಿದರೆ ಪ್ರಮಾಣಪತ್ರ ತಿಪ್ಪೇಸ್ವಾಮಿಗೆ. ತಪ್ಪಿದರೆ ಶಾಂತ ಪರ್ವತಕ್ಕೆ.

ಖಾದರ್‌ಗೆ ಇದೆಲ್ಲ ಅತಿಯಾಯಿತು. "ಲೇ ತಿಪ್ಪೇಶ, ಅವರು ಕೊಟ್ಟ ಹೆಸರು ಇಟ್ಕಂಡು ಸುಮ್ನೆ ನವಿಲು ನಿಲ್ಸಾದು ಕಲಿಯೋ. ಗಿರಿಜಮ್ಮ ದಿನಾ ಫೋನ್ ಮಾಡ್ತೈತೆ."

"ಇದು ನವಿಲಿನ ಪ್ರಶ್ನೆ ಅಲ್ಲ ಖಾದರ್, ಮಾನದ ಪ್ರಶ್ನೆ."

"ಹನ್ನೊಂದು ನವಿಲು ಹಾಕಿದಾಗ ಮಾನ ಎಲ್ಲಿತ್ತಲೇ?"

ನಾನು ಮಾ ಮಾ ಮಾ ಮಾ ಎಂದು ಅಭ್ಯಾಸಕ್ಕೆ ಕುಳಿತೆ.

ಕೊನೆಯ ತರಗತಿಯ ಸಂಜೆ ಅಂಗಡಿಯಲ್ಲಿ ಹದಿನೈದು ಕುರ್ಚಿ ಹಾಕಿಸಿದೆ. ಟಿ.ವಿ.ಗೆ ಫೋನು ಜೋಡಿಸಿದೆ. ಹೆಂಡತಿ ಒಂದು ಬುಟ್ಟಿ ಮಂಡಕ್ಕಿ ಕಲಸಿ, ಮೆಣಸಿನಕಾಯಿ ಬಜ್ಜಿ ಕರಿದಿದ್ದಳು. ಪೇಟೆಯವರೆಲ್ಲ ಬಂದಿದ್ದರು. ಗಿರಿಜಮ್ಮನೂ ಬಂದು, ರವಿಕೆಯನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಸಾಲಿನಲ್ಲಿ ಕುಳಿತಳು.

ನನ್ನ ಭಾಷಣವನ್ನು ಫೋನಿನ ಅನುವಾದಕದ ನೆರವಿನಿಂದ ಸಿದ್ಧಪಡಿಸಿದ್ದೆ. ವಿಷಯ ಸರಳವಾಗಿತ್ತು. ನನಗಿಂತ ಮುಂಚೆ ನಮ್ಮವ್ವನಿಗೆ ಹುಟ್ಟಿದ ಇಬ್ಬರು ಉಳಿಯಲಿಲ್ಲ. ಮೂರನೆಯವನಾದರೂ ದಕ್ಕಲಿ ಎಂದು ಅಜ್ಜಿ ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿದಳು. ಪಕ್ಕದ ಮನೆಯಾಕೆ ಎತ್ತಿಕೊಂಡಳು. ಅವ್ವ ಒಂದು ಮೊರ ರಾಗಿ ಕೊಟ್ಟು ನನ್ನನ್ನು ಕೊಂಡು ಮನೆಗೆ ತಂದಳು. ತಿಪ್ಪೆಯ ಕೂಸು ಯಾರಿಗೆ ಬೇಕು, ಸಾವಿಗೂ ಬೇಡ ಎಂಬ ಲೆಕ್ಕ. ಉಳಿದೆ. ನಮ್ಮ ಸೀಮೆಯವರೆಲ್ಲ ನಡೆದುಕೊಳ್ಳುವ ಹಟ್ಟಿಯ ದೇವರ ಹೆಸರೂ ಅದೇ ಆದ್ದರಿಂದ ತಿಪ್ಪೇಸ್ವಾಮಿಯಾದೆ. ನಮ್ಮ ಸೀಮೆಯ ಬಸ್ಸಿನಲ್ಲಿ ಈ ಹೆಸರು ಕೂಗಿದರೆ ಐದು ಜನ ತಿರುಗಿ ನೋಡುತ್ತಾರೆ.

ಎದೆಯುಬ್ಬಿಸಿ ಚೀನೀ ಭಾಷೆಯಲ್ಲಿ ಓದಿದೆ. ಓದುತ್ತಿದ್ದಂತೆ ಟಿ.ವಿ. ಪರದೆಯ ಮೇಲೆ 'ಬೆಳದಿಂಗಳು' ಕೈಯಿಂದ ಬಾಯಿ ಮುಚ್ಚಿಕೊಂಡಳು. 'ಬಿಳಿ ಮೋಡ' ಕ್ಯಾಮರಾ ಆರಿಸಿದ. ನಾನು ಹೇಳಿದ್ದು ಏನೆಂದು ನನಗೆ ತಿಳಿದದ್ದು ಆಮೇಲೆ: "ನಾನು ಕಸದ ಗುಡ್ಡೆಯ ಮಾಲೀಕ. ನನ್ನ ಅಜ್ಜಿ ನನ್ನನ್ನು ಕಸಕ್ಕೆ ಎಸೆದಳು. ಪಕ್ಕದವಳು ನನ್ನನ್ನು ರಾಗಿಗೆ ಮಾರಿದಳು. ಇದು ನಮ್ಮ ಊರಿನಲ್ಲಿ ಸಾಮಾನ್ಯ. ಒಂದು ಬಸ್ಸಿನಲ್ಲಿ ಐದು ಜನ ಸಿಗುತ್ತಾರೆ!"

ಒಬ್ಬ ಹುಡುಗ, ಪೊಲೀಸರಿಗೆ ತಿಳಿಸಿದ್ದೀರಾ ಎಂದು ಕೇಳಿದ. ಐವತ್ತೆಂಟು ವರ್ಷ ತಡವಾಗಿ! ಗೋಡೆಯ ಮೊಳೆ ನನ್ನನ್ನೇ ನೋಡುತ್ತಿತ್ತು.

ಷ್ಯೂಯಿಂಗ್ ಮೇಡಂ ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಹುಡುಗರನ್ನು ಸುಮ್ಮನಿರಿಸಿ ಹೇಳಿದರು: "ನನ್ನ ತಾತನ ಹೆಸರು ನಮ್ಮ ಹಳ್ಳಿಯಲ್ಲಿ 'ನಾಯಿ ತಿಂದು ಬಿಟ್ಟದ್ದು' ಎಂದಿತ್ತು. ಅವರಿಗಿಂತ ಮೊದಲು ಹುಟ್ಟಿದವರು ಬದುಕಲಿಲ್ಲ. ನಾಯಿಯೂ ಬಿಟ್ಟದ್ದನ್ನು ಸಾವು ಮುಟ್ಟುವುದಿಲ್ಲ ಎಂದು ಆ ಹೆಸರು. ಪಟ್ಟಣಕ್ಕೆ ಬಂದ ಮೇಲೆ ನಾಚಿಕೆಯಾಗಿ ನಾವೇ ಅದನ್ನು ಮುಚ್ಚಿಟ್ಟೆವು. ನೀವು ಇಷ್ಟು ಜನರ ಮುಂದೆ ಗಟ್ಟಿಯಾಗಿ ಹೇಳಿದಿರಿ." ಆಮೇಲೆ ಉಸಿರು ಎಳೆದುಕೊಂಡು, ಎಲ್ಲೂ ನಿಲ್ಲದೆ ಹೇಳಿದರು: "ತಿಪ್ಪೇಸ್ವಾಮಿ!"

ಅಂಗಡಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ನನಗೆ ಅವ್ವ ನೆನಪಾದಳು. ಕೂತುಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಚಪ್ಪಾಳೆ ಬಿದ್ದ ಮೇಲೆ ಕೂರುವ ಜಾಯಮಾನ ನನ್ನದಲ್ಲ. ಟಿ.ವಿ.ಯ ಕಡೆಗೂ ಕುರ್ಚಿಗಳ ಕಡೆಗೂ ತಿರುಗಿ ತಿರುಗಿ ಗರ್ಜಿಸಿದೆ.

"ಹೆಸರು ಅಂದ್ರೆ ಹೆತ್ತವರು ಕಟ್ಟಿದ ತಾಯತ! ಅದನ್ನ ಬಿಚ್ಚಾಕೆ ಯಾವ ದೇಶಕ್ಕೂ ಹಕ್ಕಿಲ್ಲ! ನಮ್ಮ ನಾಲಗೆಗೆ ಅನುಕೂಲ ಅಂತ ಇನ್ನೊಬ್ಬರ ಹೆಸರು ಬದಲಾಯಿಸೋದು ಅನ್ಯಾಯ! ಅಹಂಕಾರ!"

ಮತ್ತೆ ಚಪ್ಪಾಳೆ. ಮೇಡಂ ಸಂತೋಷದಿಂದ, "ನಿಮ್ಮ ಹೆಂಡತಿಯನ್ನೂ ಪರಿಚಯಿಸಿ. ಅವರ ಹೆಸರಿನ ಅರ್ಥವೇನು?" ಎಂದರು. ಅದು ನನಗೆ ಬರುವ ಪ್ರಶ್ನೆಯೇ ಆಗಿತ್ತು. "ಇವಳು ಸುಮಂಗಲ" ಎಂದು ಶುರು ಮಾಡಿದೆ.

"ಯಾವ ಹೆಸರು ಹೇಳಾಕೆ ಹೊಂಟಿದೀರಿ?" ಬಜ್ಜಿಯ ತಟ್ಟೆ ಹಿಡಿದು ಮನೆ ಕಡೆಯ ಪರದೆ ಸರಿಸಿ ಹೊರಬಂದ ಹೆಂಡತಿ ಕೇಳಿದಳು. "ನಮ್ಮಪ್ಪ ಇಟ್ಟಿದ್ದಾ, ನೀವಿಟ್ಟಿದ್ದಾ?"

ನಾನು ನೆನಪಿಸಿಕೊಳ್ಳಲು ಹೊರಟೆ. ನೆನಪಾಯಿತು. ಆಗಬಾರದಿತ್ತು.

"ನಾನೂ ತಿಪ್ಪೆ ಮ್ಯಾಲಿಂದ ಎದ್ದು ಬಂದೋಳೇ ಕಣ್ರಿ" ಎಂದಳು ಅವಳು, ಕೂತವರನ್ನು ನೋಡುತ್ತ. "ನಮ್ಮೂರು ಆದಿವಾಲದಾಗೆ ನನ್ನ ಮುಂದೆ ಮೂರು ಕೂಸು ಹೋಗಿದ್ವು. ನನಗೂ ತಿಪ್ಪಮ್ಮ ಅಂತ ಇಟ್ರು. ಇವರು ಲಗ್ನಪತ್ರಿಕೆ ಅಚ್ಚು ಹಾಕ್ಸಾಕೆ ಹೋದಾಗ, ಒಂದೇ ಮನೇಲಿ ಎರಡು ತಿಪ್ಪೆನಾ ಅಂತ ಪ್ರೆಸ್ಸಿನೋನು ನಕ್ಕನಂತೆ. ಅಲ್ಲೇ ನಿಂತು ಸುಮಂಗಲ ಅಂತ ಬರೆಸಿ ಬಂದ್ರು. ನನ್ನ ಒಂದು ಮಾತು ಕೇಳಲಿಲ್ಲ. ಮದುವೆ ದಿನ ಯಾರೋ ಛತ್ರದ ಬಾಗಿಲ ಬೋರ್ಡಿನಾಗೆ ಸುಮಂಗಲ ಅಂತ ಐತೆ ಅಂತ ಓದಿ ಹೇಳಿದ್ದಕ್ಕೆ ನಮ್ಮಜ್ಜಿ, ಇದು ಬೇರೆಯೋರ ಛತ್ರ ಕಣ್ರಲೇ, ಹೋಗಾಣ ನಡೀರಿ ಅಂತ ಗಾಡಿ ತಿರುಗಿಸಾಕೆ ಹೊಂಟಿತ್ತು!"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನನ್ನತ್ತ ತಿರುಗಿ, "ತಾಯತ ಅಂದ್ರಲ್ಲ, ನಂದು ಬಿಚ್ಚಿ ಮೂವತ್ತು ವರ್ಷ ಆತು" ಎಂದಳು.

ಟಿ.ವಿ.ಯಲ್ಲಿ ಮೇಡಂ, "ಏನಾಯಿತು? ಅನುವಾದ ಮಾಡಿ" ಎನ್ನುತ್ತಿದ್ದರು. ನಾನು ಅನುವಾದ ಮಾಡಲಿಲ್ಲ; ಕರೆಂಟು ಹೋಯಿತು ಎಂದೆ, ಉರಿಯುತ್ತಿರುವ ಟ್ಯೂಬ್‌ಲೈಟಿನ ಕೆಳಗೆ ನಿಂತು!

ಪ್ರಮಾಣಪತ್ರ ಬಂತು. ತಿಪ್ಪೇಸ್ವಾಮಿ ಎಂದೇ ಇದೆ. ಇನ್ನೂ ಗೋಡೆಗೆ ಹಾಕಿಲ್ಲ. ಆ ಮೊಳೆಗೆ ಈಗ ಹನ್ನೊಂದು ನವಿಲಿನ ರವಿಕೆ ನೇತಾಡುತ್ತಿದೆ. ಗಿರಿಜಮ್ಮ ಅದನ್ನು ನನಗೇ ಬಿಟ್ಟುಹೋದಳು.

ಮುಂದಿನ ತಂಡಕ್ಕೆ ನನ್ನ ಹೆಂಡತಿ ಸೇರಿದ್ದಾಳೆ. ಯಂತ್ರದ ಪರದೆ ಓದಲು ಮನೆಯಲ್ಲಿ ಒಬ್ಬರಾದರೂ ಕಲಿಯಬೇಡವೇ ಎಂದು ಅವಳ ವಾದ. ಸೇರುವಾಗ ತಿಪ್ಪಮ್ಮ ಎಂದೇ ಬರೆಸಿದಳು. ಷ್ಯೂಯಿಂಗ್ ಮೇಡಂ ಮೊದಲ ದಿನವೇ ತಡವರಿಸದೆ ಕರೆದರು. ಖಾದರ್ "ತಿಪ್ಪಮ್ಮಕ್ಕ" ಎನ್ನುತ್ತಾನೆ. ಹಾಲಿನವನೂ ಕಲಿತಿದ್ದಾನೆ.

ನಾನು ಮಾತ್ರ ಬೆಳಿಗ್ಗೆ ಎದ್ದು, "ಸುಮಂಗಲಾ, ಕಾಫಿ" ಎನ್ನುತ್ತೇನೆ.

"ಆ ಹೆಸರಿನೋರು ಇಲ್ಲಿ ಯಾರೂ ಇಲ್ರೀ" ಎಂದು ಒಳಗಿನಿಂದ ಉತ್ತರ ಬರುತ್ತದೆ.

ತಿದ್ದಿಕೊಳ್ಳಲು ನೋಡುತ್ತೇನೆ. ಚೀನೀ ಭಾಷೆಯ ನಾಲ್ಕೂ ಸ್ವರ ಹೊರಡಿಸುವ ನಾಲಗೆ, "ಸು... ತಿ... ಸು..." ಎಂದು ದಾರಿಯಲ್ಲೇ ನಿಲ್ಲುತ್ತದೆ. ಮೂರೇ ಅಕ್ಷರ! ಪಕ್ಕದ ಅಂಗಡಿಗೆ ಹೋಗಿ ಖಾದರ್ ತರಿಸಿದ ಕಾಫಿ ಕುಡಿಯುತ್ತೇನೆ.