ಭಾವನ ಫ್ರೀಜರ್‌ನಲ್ಲಿ ಒಂದು ಜೌಗು

ನಮ್ಮ ಭಾವನ ಫ್ರೀಜರ್‌ನಲ್ಲಿ ಇಡೀ ಒಂದು ಜೌಗು ಭೂಮಿ ಇದೆ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ, ಅದನ್ನು ಚಟ್ನಿ ಮಾಡಲು ಹೊರಡುವ ತನಕ!

ಹ್ಯೂಸ್ಟನ್ ಹತ್ತಿರದ ಫುಲ್‌ಶೀರ್ ಊರಿನ ಅಕ್ಕನ ಮನೆಗೆ ಹೋದರೆ ನಾಷ್ಟಾದ ಕೆಲಸ ನನ್ನದೇ. ಅಂದು ಗ್ಯಾರೇಜಿನ ಫ್ರೀಜರ್‌ನಿಂದ ಬೆಳ್ಳಗಿನ ಪ್ಯಾಕೆಟ್ಟೊಂದನ್ನು ಎತ್ತಿಕೊಂಡು ಮಿಕ್ಸರ್ ಕಡೆ ನಡೆದೆ. ಭಾವ ಹೌಹಾರಿ ಓಡಿಬಂದರು.

"ಏ ತಂಗಿ! ಅದು ಹಸಿಕೊಬ್ಬರಿ ಅಲ್ಲ, ಕಪ್ಪಿ ಲೆಕ್ಕ!"

"ಇಪ್ಪತ್ತು ಹೋಳಿಗಿ ಹೊರಗ ಹಾಕ್ಯಾರ, ಆ ಕಪ್ಪಿ ಸಲುವಾಗಿ!" ಅಕ್ಕ ಹಣೆ ಚಚ್ಚಿಕೊಂಡಳು.

ಆ ಬಡಾವಣೆಯ ಹಿಂದೆ ಒಂದು ಜೌಗು ಇತ್ತು. ಅದನ್ನು ಉಳಿಸಲು ನೆರೆಹೊರೆಯ ಐದು ಜನ ಸಂಘ ಕಟ್ಟಿದರು. ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಅಧ್ಯಕ್ಷೆ, ಭಾವ ಕಾರ್ಯದರ್ಶಿ. ಯಾವತ್ತು ಎಷ್ಟು ಕಪ್ಪೆ ಕೂಗಿದವು, ಯಾವ ಹಕ್ಕಿ ಇಳಿಯಿತು, ಯಾವ ಸಾಹೇಬ ಏನು ಸಬೂಬು ಹೇಳಿದ, ಎಲ್ಲ ಬರೆದಿಟ್ಟರು. ಇವರು ಬರೆಯುತ್ತ ಕೂತರು, ಅತ್ತ ಬಿಲ್ಡರುಗಳು ಜೌಗನ್ನು ಮುಚ್ಚಿ ಮನೆ ಕಟ್ಟಿದರು! ಮೂವರು ಊರು ಬಿಟ್ಟರು. ಅಜ್ಜಿ ತೀರಿಕೊಂಡರು. ಹೋದ ವರ್ಷ ಜೋರು ಮಳೆ ಬಂದಾಗ, ಇಂಗಲು ಜಾಗವಿಲ್ಲದ ನೀರು ಸೀದಾ ಭಾವನ ಗ್ಯಾರೇಜಿಗೇ ನುಗ್ಗಿ ಕಾಗದಗಳನ್ನೆಲ್ಲ ತೋಯಿಸಿತು. ಒದ್ದೆ ಕಾಗದವನ್ನು ಹೆಪ್ಪುಗಟ್ಟಿಸಿದರೆ ಬೂಷ್ಟು ಹಿಡಿಯುವುದಿಲ್ಲ ಎಂದು ಎಲ್ಲೋ ಓದಿದ್ದರಂತೆ. ಹೋಳಿಗೆಗಳು ಗಡಿಪಾರಾದದ್ದು ಹೀಗೆ.

ಹ್ಯೂಸ್ಟನ್ನಿನ ಒಂದು ಗ್ರಂಥಾಲಯಕ್ಕೆ ಆ ಕಾಗದಗಳನ್ನು ಒಪ್ಪಿಸೋಣವೆಂದು ಭಾವನನ್ನು ಕೂರಿಸಿಕೊಂಡು ನಾನೇ ಡ್ರೈವ್ ಮಾಡಿಕೊಂಡು ಹೋದೆ. ಐಸ್ ತುಂಬಿದ ಪೆಟ್ಟಿಗೆ ಅಪ್ಪಿಕೊಂಡ ಭಾವನನ್ನು ನೋಡಿ ಅಲ್ಲಿನ ಹೆಣ್ಣುಮಗಳು ಮೀನು ಮಾರಲು ಬಂದಿದ್ದಾರೆ ಎಂದುಕೊಂಡಳು! ಆಮೇಲೆ ಎಲ್ಲ ಕೇಳಿ, ತೀರಾ ಮರ್ಯಾದೆಯಿಂದ, ಇಂಥದ್ದಕ್ಕೆ ಜಾಗವಿಲ್ಲ ಎಂದಳು. ಅದು ಅಂದು ನಾವು ಮೆಟ್ಟಿಲು ಹತ್ತಿದ ಮೂರನೇ ಗ್ರಂಥಾಲಯ. ಮೂರೂ ಕಡೆ ಅದೇ ಮರ್ಯಾದೆ!

ವಾಪಸು ಬರುವಾಗ ನನಗೆ ತಲೆ ಕೆಟ್ಟುಹೋಯಿತು. "ಸಾಕು ಮಾಡ್ರಿ ಭಾವ! ಜೌಗೂ ಹೋತು, ಕಪ್ಪೀನೂ ಹೋದ್ವು. ಯಾರು ಓದ್ತಾರ್ರಿ ಇದನ್ನ?"

"ಯಾರೂ ಓದೂದಿಲ್ಲವ್ವಾ," ಎಂದರು. "ಆದ್ರ ಅದು ಅಲ್ಲಿ ಇತ್ತು ಅನ್ನಾಕ ಮತ್ತೇನೈತಿ ಹೇಳು?"

ಪೆಟ್ಟಿಗೆ ತಣ್ಣಗಿರಲೆಂದು ಕಾರಿನ ಎಸಿ ಜೋರು ಮಾಡಿದೆ.

ಮನೆ ಮುಟ್ಟುವಷ್ಟರಲ್ಲಿ ಐಸ್ ಕರಗಿತ್ತು. ಅಕ್ಕ ಬೈಯುತ್ತಲೇ ಊಟದ ಟೇಬಲ್ ಮೇಲೆ ಟವೆಲ್ ಹಾಸಿದಳು. ಒಂದೊಂದೇ ಹಾಳೆ ಬಿಡಿಸುತ್ತ ಸಂಘದ ಕೊನೆಯ ಸಭೆಯ ವರದಿಗೆ ಬಂದೆ. ಅಜ್ಜಿ ತೀರಿಕೊಂಡ ವಾರ ನಡೆದ ಸಭೆ. ಹಾಜರಿದ್ದವರು: ಒಬ್ಬರು. ನಿರ್ಣಯ: ಈ ಕಾಗದಗಳನ್ನು ಕಾಪಾಡತಕ್ಕದ್ದು. ಸೂಚಿಸಿದವರು: ಭಾವ. ಅನುಮೋದಿಸಿದವರು ಎಂಬಲ್ಲಿ ಖಾಲಿ ಗೆರೆ. ಒಬ್ಬನೇ ಕೂತು ಸಭೆ ನಡೆಸಿದ ಮನುಷ್ಯ ಅಲ್ಲೊಂದು ಸುಳ್ಳು ಸಹಿ ಹಾಕಿಕೊಂಡಿರಲಿಲ್ಲ.

ಪೆನ್ನು ತೆಗೆದುಕೊಂಡೆ.

"ತಂಗಿ, ಕಾಗದ ಒದ್ದಿ ಐತಿ. ಮಸಿ ಹರಡತೈತಿ."

"ಹರಡ್ಲಿ ಬಿಡ್ರಿ."

ಹರಡಿತು. ಭಾವ ಟೇಬಲ್ ಮೇಲೆ ಬಗ್ಗಿ, ಅದು ಒಣಗುವ ತನಕ ನನ್ನ ಹೆಸರಿನ ಮೇಲೆ ಮೆಲ್ಲಗೆ ಊದುತ್ತಲೇ ಇದ್ದರು.