ಹಳೇ ಹೈಕೋರ್ಟು, ದಫೇದಾರರ ಬೆಂಚು

ದಫೇದಾರ: ಮನೆ ಯಜಮಾನಿ ಹಾಜರಿದ್ದಾರಾ? ಮನೆ ಯಜಮಾನಿ ಹಾಜರಿದ್ದಾರಾ? ಮನೆ ಯಜಮಾನೀ...! ಸರಿ, ಮೂರು ಸಲ ಕೂಗಿದ್ದಾಯ್ತು. ಹಾಜರಿಲ್ಲ. ಸಕ್ಕರೆ ಡಬ್ಬಿ ಕೆಳಗಿನ ಶೆಲ್ಫಿಗೆ ಹೋಗ್ಬೇಕು ಅಂತ ತೀರ್ಮಾನ.

ಹೆಂಡತಿ: ಆ ಕಡೆ ಕುಕ್ಕರ್ ಕೂಗ್ತಿದೆ, ಈ ಕಡೆ ನೀವು ಕೂಗ್ತಿದೀರಿ. ಯಾರಿಗೆ ಅಂತ ಓಗೊಡ್ಲಿ? ಡಬ್ಬಿ ಇಡ್ರೀ ಅಲ್ಲೇ!

ದಫೇದಾರ: ಕೂಗಿದಾಗ ಬರ್ಬೇಕಿತ್ತು. ತೀರ್ಮಾನ ಆದ್ಮೇಲೆ ನನ್ನ ಕೈಲೂ ಏನೂ ಇಲ್ಲ. ಬೇಕಾದ್ರೆ ಮೇಲ್ಮನವಿ ಹಾಕ್ಕೋ.

ಹೆಂಡತಿ: ಯಾರ ಹತ್ರ ಹಾಕ್ಕೊಳ್ಲಿ?

ದಫೇದಾರ: ನನ್ನ ಹತ್ರಾನೇ. ಊಟ ಆದ್ಮೇಲೆ ಕೇಳ್ತೀನಿ.

ಹೆಂಡತಿ ಸೌಟನ್ನು ಒಮ್ಮೆ ನೋಡಿ, ಗಂಡನನ್ನು ಒಮ್ಮೆ ನೋಡಿ, ಗೋಡೆಯ ಮೇಲಿನ ದೇವರ ಪಟವನ್ನು ನೋಡಿದಳು. ಸೌಟು ಸಾರಿನೊಳಕ್ಕೆ ಹೋಯಿತು.

ದಫೇದಾರರು ನಿವೃತ್ತರಾಗಿ ವರ್ಷಗಳಾಗಿದ್ದವು. ಹೈಕೋರ್ಟಿನಲ್ಲಿ ನ್ಯಾಯಾಧೀಶರ ಮುಂದೆ ಬೆಳ್ಳಿಕೋಲು ಹಿಡಿದು ನಡೆಯುವುದು, ಕಕ್ಷಿದಾರರ ಹೆಸರನ್ನು ಬಾಗಿಲಲ್ಲಿ ನಿಂತು ಮೂರು ಸಲ ಕೂಗುವುದು ಅವರ ಕೆಲಸವಾಗಿತ್ತು. ಕೆಲಸ ಬಿಟ್ಟರೂ ಕಟ್ಟಡ ಬಿಡಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಅಲ್ಲಿನ ಮೊಗಸಾಲೆಯ ಮರದ ಬೆಂಚಿನ ಮೇಲೆ ಕೂತು, ಬಂದವರಿಗೆಲ್ಲ ಕಟ್ಟಡದ ಇತಿಹಾಸ ಹೇಳಿ, ಸಂಜೆಗೆ ಮನೆ ಸೇರುತ್ತಿದ್ದರು. ಈಗ ಕೋರ್ಟಿಗೆ ಬೇಸಿಗೆ ರಜೆ. ಬೆಂಚಿಗೂ ರಜೆ. ಹಾಗಾಗಿ ಅವರು ಮನೆಯಲ್ಲಿದ್ದರು.

ಹೆಂಡತಿ: ಜೀರಿಗೆ ಎಲ್ಲಿಟ್ರಿ?

ದಫೇದಾರ: ನಡು ಶೆಲ್ಫು. ವಿಚಾರಣೆ ಹಂತ.

ಹೆಂಡತಿ: ಮೆಣಸು?

ದಫೇದಾರ: ಮೇಲಿನ ಶೆಲ್ಫು. ಈಗಷ್ಟೇ ತಂದಿದ್ದು, ಇನ್ನೂ ದಾಖಲಾಗಿಲ್ಲ. ಹುಳ ಬಿದ್ದ ಕಡಲೆ ಕೆಳಗಡೆ ಇದೆ, ವಿಲೇವಾರಿ.

ಹೆಂಡತಿ: ಸಕ್ಕರೆನೂ ಕೆಳಗೇ ಇಟ್ರಲ್ಲ, ಅದೂ ವಿಲೇವಾರಿನಾ?

ದಫೇದಾರ: ನೀನು ಹಾಜರಿದ್ದಿದ್ರೆ ಆ ವಾದ ಮಂಡಿಸಬಹುದಿತ್ತು.

ಹೆಂಡತಿ: ಅಯ್ಯೋ ದೇವರೇ, ಈ ರಜೆ ಯಾವಾಗ ಮುಗಿಯುತ್ತಪ್ಪಾ!

ಅಷ್ಟರಲ್ಲಿ ಪಕ್ಕದ ಮನೆಯ ಟೈಪಮ್ಮ ಒಳಗೆ ಬಂದಳು. ಹೈಕೋರ್ಟಿನ ಗೇಟಿನ ಹೊರಗೆ ಮರದಡಿ ಮೇಜು ಹಾಕಿಕೊಂಡು ಅರ್ಜಿ ಟೈಪು ಮಾಡಿಕೊಡುವವಳು ಅವಳು. ಸುದ್ದಿ ಇದ್ದರೆ ಅವಳ ಚಪ್ಪಲಿ, ನೆಟ್ಟಗೆ ಬಿಡುವ ಪುರುಸೊತ್ತಿಲ್ಲದೆ, ಬಾಗಿಲಾಚೆ ದಿಕ್ಕಿಗೊಂದು ಹಾರಿಬಿದ್ದಿರುತ್ತಿತ್ತು.

ಟೈಪಮ್ಮ: ಭಾವ, ಕೇಳಿದ್ರಾ? ನಿಮ್ಮ ಕಟ್ಟಡ ಕೆಡವ್ತಾರಂತೆ!

ದಫೇದಾರ: ಗೊತ್ತು ಕಣಮ್ಮ. ಜಡ್ಜುಗಳ ಸಮಿತಿ ನಾಳೆ ಕೂರುತ್ತೆ. ಉಳಿಸ್ಬೇಕಾ ಕೆಡವ್ಬೇಕಾ ಅಂತ. ಕಟ್ಟಡದ ಇತಿಹಾಸ ಹೇಳೋಕೆ ನನಗೇ ಹೇಳಿಕಳಿಸಿದಾರೆ. ಅದರೊಳಗೇ ಕೂತು ಅದನ್ನ ಕೆಡವೋದ್ರ ಬಗ್ಗೆ ಮಾತಾಡ್ತಾರೆ, ನೋಡು. ಗೋಡೆ ಕೇಳಿಸ್ಕೊಂಡ್ರೆ ಏನಂದ್ಕೊಳ್ಳುತ್ತೋ.

ಹೆಂಡತಿ: ಕೆಡವ್ಲಿ ಬಿಡಿ! ನಾನು ಮದುವೆ ಆಗಿ ಬಂದಾಗ್ಲಿಂದ ಅದು ನನ್ನ ಸವತಿ. ಮೊದ್ಲು ಸಂಬಳಕ್ಕೆ ಅಲ್ಲಿದ್ರಿ, ಆಮೇಲೆ ಪುಕ್ಕಟೆ. ಅವಳ ಕಂಬ ಹಂಗೆ, ಅವಳ ಕಮಾನು ಹಿಂಗೆ. ನನ್ನ ಸೀರೆ ಬಣ್ಣ ಯಾವುದು ಅಂತ ಒಂದು ದಿನ ಕೇಳಿದೀರಾ?

ದಫೇದಾರ: ನೀಲಿ.

ಹೆಂಡತಿ: ಹಸಿರು!

ಟೈಪಮ್ಮ: ಅಕ್ಕ, ಒಂದು ನಿಮಿಷ. ಇದನ್ನ ಕೆಡವಿ ಕಟ್ಟೋ ಹೊಸಾ ಕಟ್ಟಡದಲ್ಲಿ ಕಾರ್ಡ್ ಇದ್ದೋರಿಗೆ ಮಾತ್ರ ಪ್ರವೇಶವಂತೆ. ಮೊಗಸಾಲೆ ಇಲ್ಲ, ಬೆಂಚಿಲ್ಲ. ನಿವೃತ್ತಿ ಆದೋರು ಗೇಟಿನಾಚೆ.

ಹೆಂಡತಿಯ ಕೈಯಲ್ಲಿದ್ದ ಮುಚ್ಚಳ ಪಾತ್ರೆಯ ಮೇಲೆ ಕೂರದೆ ಗಾಳಿಯಲ್ಲೇ ನಿಂತಿತು.

ಹೆಂಡತಿ: ಹಂಗಂದ್ರೆ... ಇವರು?

ಟೈಪಮ್ಮ: ಇನ್ನೆಲ್ಲಿಗೆ? ಮನೇಲೇ.

ಹೆಂಡತಿ: ದಿನಾನಾ?

ಟೈಪಮ್ಮ: ದಿನಾ.

ದಫೇದಾರರು ಸದ್ದಿಲ್ಲದೆ ಉಪ್ಪಿನ ಜಾಡಿಯನ್ನು ಎತ್ತಿ ಯಾವ ಹಂತದ್ದೆಂದು ಯೋಚಿಸತೊಡಗಿದ್ದರು.

ಹೆಂಡತಿ: ಜಾಡಿ ಕೆಳಗಿಡ್ರೀ. ಕೂತ್ಕೊಳ್ಳಿ ಇಲ್ಲಿ. ನಾಳೆ ಏನು ಹೇಳ್ತೀರಿ, ಈಗ್ಲೇ ಹೇಳಿ ನೋಡೋಣ.

ದಫೇದಾರ: ಯಾಕೆ? ಸವತಿ ಸಾಯ್ಲಿ ಅಂದಿದ್ಯಲ್ಲ?

ಹೆಂಡತಿ: ಅವಳು ನೂರು ವರ್ಷ ಬಾಳ್ಲಿ. ಹೇಳ್ರೀ.

ದಫೇದಾರರು ಮುಂಡಾಸು ಇಲ್ಲದ ತಲೆಯ ಮೇಲೆ ಕೈಯಾಡಿಸಿ, ಗಂಟಲು ಸರಿಮಾಡಿಕೊಂಡರು.

ದಫೇದಾರ: ಮಹಾಸ್ವಾಮಿಗಳೇ, ಈ ಕಟ್ಟಡ ಕಟ್ಟೋಕೆ ಮುಂಚೆ ನಮ್ಮ ಹೈಕೋರ್ಟು ಒಂದು ಕುದುರೆ ಲಾಯದಲ್ಲಿ ನಡೀತಿತ್ತು. ಗೋಡೆ ಆ ಕಡೆ ಕುದುರೆ, ಈ ಕಡೆ ವಕೀಲರು. ಒಂದ್ಸಲ ವಕೀಲರು ವಾದ ಜೋರು ಮಾಡಿದಾಗ ಆ ಕಡೆಯಿಂದ ಕುದುರೆ ಕೆನೆದಿದ್ದಕ್ಕೆ ಜಡ್ಜು, ‘ಒಬ್ಬೊಬ್ಬರಾಗಿ ಮಾತಾಡಿ’ ಅಂದ್ರಂತೆ.

ಟೈಪಮ್ಮ ನಕ್ಕಳು. ಹೆಂಡತಿ ನಗಲಿಲ್ಲ.

ಹೆಂಡತಿ: ಅದು ಹಳೇದು. ಈ ಕಟ್ಟಡದ್ದು ಹೇಳಿ.

ದಫೇದಾರ: ಇದನ್ನ ಕಟ್ಟೋಕೆ ಶುರು ಮಾಡಿದ್ದು ಒಬ್ಬ ಎಂಜಿನಿಯರು. ಅರ್ಧ ಆದ್ಮೇಲೆ ಜಗಳ ಮಾಡ್ಕೊಂಡು ಬಿಟ್ಟುಹೋದ. ಉಳಿದರ್ಧ ಅವನ ಅಳಿಯ ಮುಗಿಸಿದ. ಮಾವನ ಮಾತು ಕೇಳೋದಿಲ್ಲ ಅಂತ ಅಳಿಯ ಹಟ ಹಿಡಿದು ತನ್ನ ಅರ್ಧದ ಕಿಟಕಿ ಎಲ್ಲಾ ಒಂದು ಗೇಣು ಕೆಳಗೆ ಇಟ್ಟ. ಅದಕ್ಕೇ ಎಡಗಡೆ ಕಿಟಕಿ ಮೇಲೆ, ಬಲಗಡೆ ಕಿಟಕಿ ಕೆಳಗೆ. ದೂರದಿಂದ ನೋಡಿದ್ರೆ ಕಟ್ಟಡ ಒಂದು ಹುಬ್ಬು ಎತ್ತಿದ ಹಾಗೆ ಕಾಣುತ್ತೆ.

ಹೆಂಡತಿ: ಹೂಂ. ಆಮೇಲೆ?

ದಫೇದಾರ: ಆಮೇಲೆ, ಪಾಯದ ಕೆಳಗೆ ಹಳೇ ಕೊಳ ಇತ್ತು. ಮಳೆಗಾಲದಲ್ಲಿ ರೆಕಾರ್ಡ್ ರೂಮಲ್ಲಿ ಕಪ್ಪೆ ಕೂಗುತ್ತೆ. ದೊಡ್ಡ ಹಾಲಲ್ಲಿ ಸೂರು ಸೋರೋದು ಬೇರೆ ಎಲ್ಲೂ ಅಲ್ಲ, ನೆಟ್ಟಗೆ ಹಿರಿಯ ಜಡ್ಜ್ ಕುರ್ಚಿ ಮೇಲೇ. ಒಂದ್ಸಲ ಉದ್ದದ ತೀರ್ಪು ಓದ್ತಿದ್ರು, ಮುಗಿಯೋವರೆಗೂ ನಾನೇ ಛತ್ರಿ ಹಿಡಿದಿದ್ದೆ. ಸೋತವರು ಆಮೇಲೆ ಹೇಳಿದ್ರು, ‘ಸ್ವಾಮಿ, ತಂಪು ಹೊತ್ತಲ್ಲಿ ಹೇಳಿದ ತೀರ್ಪು, ನಮಗೆ ಮಾತ್ರ ಬಿಸಿ ಮುಟ್ತು’ ಅಂತ! ಹ್ಹ ಹ್ಹ!

ಹೆಂಡತಿ: ನಗ್ಬೇಡಿ. ಇಷ್ಟು ಹೇಳಿದ್ರೆ ಅವರು ನಾಳಿದ್ದಿನ ತನಕ ಕಾಯಲ್ಲ, ನೀವು ಒಳಗಿರೋವಾಗ್ಲೇ ಕೆಡವ್ತಾರೆ.

ದಫೇದಾರ: ಯಾಕೆ? ಇಷ್ಟು ವರ್ಷ ಇದೇ ಹೇಳ್ತಿದೀನಿ, ಜನ ಹೊಟ್ಟೆ ಹಿಡ್ಕೊಂಡು ನಗ್ತಾರೆ.

ಹೆಂಡತಿ: ಅದೇ ನಾನು ಹೇಳ್ತಿರೋದು. ನಿಮ್ಮ ಇತಿಹಾಸದಲ್ಲಿ ಒಂದಾದ್ರೂ ಒಳ್ಳೇ ಮಾತಿದೆಯಾ? ಸೊಟ್ಟ ಕಿಟಕಿ, ಸೋರಿಕೆ, ಕಪ್ಪೆ! ಹೆಣ್ಣು ನೋಡೋಕೆ ಬಂದೋರಿಗೆ ಮಗಳ ಬಗ್ಗೆ ಯಾರಾದ್ರೂ ಹೀಗೆ ಹೇಳ್ತಾರಾ?

ದಫೇದಾರ: ಸುಳ್ಳು ಹೇಳಲ್ಲ ನಾನು. ಎಷ್ಟು ಜನರ ಕೈಲಿ ಸತ್ಯ ಹೇಳ್ತೀನಿ ಅಂತ ಪ್ರಮಾಣ ಮಾಡಿಸಿದೀನಿ.

ಹೆಂಡತಿ: ಯಾರು ಸುಳ್ಳು ಹೇಳಿ ಅಂದ್ರು? ಹೀಗೆ ಹೇಳಿ. ಎರಡು ತಲೆಮಾರಿನವರು ಸೇರಿ ಕಟ್ಟಿದ ಕಟ್ಟಡ. ಗಾಳಿ ಬೆಳಕು ಎರಡು ಎತ್ತರದಿಂದ ಬರುತ್ತೆ. ಬೇಸಿಗೇಲೂ ನೆಲ ತಂಪು. ಎಷ್ಟು ಮಳೆ ಬಂದ್ರೂ ಇವತ್ತಿನವರೆಗೂ ಒಂದು ದಿನ ಕಲಾಪ ನಿಂತಿಲ್ಲ.

ಟೈಪಮ್ಮ: ಅಕ್ಕ, ನೀವು ವಕೀಲರಾಗ್ಬೇಕಿತ್ತು!

ದಫೇದಾರ: ಛತ್ರಿ?

ಹೆಂಡತಿ: ಛತ್ರಿ ಹೆಸರು ಎತ್ತಿದ್ರೆ ನಾಳೆಯಿಂದ ಅನ್ನವೂ ವಿಲೇವಾರಿ ಶೆಲ್ಫಲ್ಲಿರುತ್ತೆ.

ಮರುದಿನ ದೊಡ್ಡ ಹಾಲಿನಲ್ಲಿ ಐವರು ಜಡ್ಜುಗಳು ಕೂತರು. ಟೈಪಮ್ಮನ ಜೊತೆ ಹೆಂಡತಿ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ದೇವರ ಹತ್ತಿರ ಕಲ್ಲು ಮಣ್ಣಿಗಾಗಿ ಅವಳು ಬೇಡಿಕೊಂಡದ್ದು ಅದೇ ಮೊದಲು.

ದಫೇದಾರರು ಚೆನ್ನಾಗಿಯೇ ಶುರು ಮಾಡಿದರು. ಎರಡು ತಲೆಮಾರು ಬಂತು, ಗಾಳಿ ಬೆಳಕು ಬಂತು, ನೆಲ ತಂಪಾಯಿತು. ಹೆಂಡತಿ ಒಂದು ಕಣ್ಣು ತೆರೆದಳು. ಅಷ್ಟರಲ್ಲಿ ಹಿರಿಯ ಜಡ್ಜ್ ಮುಗುಳ್ನಕ್ಕು, ಇಷ್ಟು ವರ್ಷದಲ್ಲಿ ತಮಾಷೆಯದ್ದೇನಾದರೂ ನಡೆದಿತ್ತೇ ಎಂದು ಕೇಳಿಬಿಟ್ಟರು.

ದಫೇದಾರ: ತಮಾಷೆನಾ ಸ್ವಾಮಿ? ಒಂದು ಛತ್ರಿ ಕಥೆ ಇದೆ...

ಅಷ್ಟೇ. ಛತ್ರಿಯ ಹಿಂದೆ ಕಪ್ಪೆ ಬಂತು, ಕಪ್ಪೆಯ ಹಿಂದೆ ಅಳಿಯ ಬಂದ, ಹುಬ್ಬೂ ಎದ್ದಿತು. ಹಾಲೆಲ್ಲ ನಗೆ. ಜಡ್ಜುಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರಲ್ಲಿ ಒಬ್ಬರು ಮೆಲ್ಲಗೆ ತಲೆಯೆತ್ತಿ, ಹಿರಿಯ ಜಡ್ಜ್ ಕುರ್ಚಿಯ ಮೇಲಿನ ಸೂರು ನೋಡಿದರು.

ಹೆಂಡತಿ: ಸ್ವಾಮಿ! ನಾನೂ ಮಾತಾಡ್ಬೇಕು!

ಹಿರಿಯ ಜಡ್ಜ್: ಯಾರಮ್ಮ ನೀವು? ಈ ಕಟ್ಟಡಕ್ಕೂ ನಿಮಗೂ ಏನು ಸಂಬಂಧ?

ಹೆಂಡತಿ: ಸವತಿ ಸಂಬಂಧ, ಸ್ವಾಮಿ. ಇವರ ಹೆಂಡತಿ ನಾನು.

ಹಿರಿಯ ಜಡ್ಜ್: ಹಾಗಾದ್ರೆ ಇದು ಹೋದ್ರೆ ನಿಮಗೆ ಸಂತೋಷ ಅಲ್ವಾ?

ಹೆಂಡತಿ: ಇದು ಹೋದ್ರೆ ಇವರು ಮನೆಗೆ ಬರ್ತಾರೆ ಸ್ವಾಮಿ. ಈ ರಜೇಲಿ ನೋಡಿದೀನಿ. ನನ್ನ ಅಡುಗೆಮನೇಲಿ ನನ್ನನ್ನೇ ಮೂರು ಸಲ ಕೂಗಿ, ಹಾಜರಿಲ್ಲ ಅಂತ ಬರ್ಕೋತಾರೆ. ಜೀರಿಗೆ ಇನ್ನೂ ವಿಚಾರಣೇಲಿದೆ. ಇವರು ಹೇಳಿದ ಸೋರಿಕೆ, ಕಪ್ಪೆ ಎಲ್ಲಾ ನಿಜ. ಆದ್ರೂ ಸ್ವಾಮಿ, ಇಷ್ಟೆಲ್ಲಾ ಇದ್ದೂ ಇಲ್ಲಿಗೆ ಬಂದೋರು ಯಾರೂ ನ್ಯಾಯ ಕೇಳೋದು ಬಿಟ್ಟಿಲ್ಲ. ಕುಂದು ಇದೆ ಅಂತ ಮನೆಯೋರನ್ನ ಬಿಡೋ ಹಾಗಿದ್ರೆ ಇವರನ್ನ ನಾನು ಯಾವತ್ತೋ ಬಿಡ್ಬೇಕಿತ್ತು.

ಹಿರಿಯ ಜಡ್ಜ್ ಪಕ್ಕದವರತ್ತ ಬಾಗಿದರು.

ಹಿರಿಯ ಜಡ್ಜ್ (ಮೆಲ್ಲಗೆ): ಈ ರಜೇಲಿ ನಾನೂ ಮನೇಲೇ ಇದೀನಿ.

ಪಕ್ಕದ ಜಡ್ಜ್ (ಇನ್ನೂ ಮೆಲ್ಲಗೆ): ನಾನೂ.

ಐವರೂ ತಲೆಗಳನ್ನು ಹತ್ತಿರ ತಂದು ಗುಸುಗುಸು ಮಾತಾಡಿದರು. ಬಹಳ ಹೊತ್ತೇನೂ ಹಿಡಿಯಲಿಲ್ಲ.

ಹಿರಿಯ ಜಡ್ಜ್: ಕಟ್ಟಡ ಕೆಡವೋದಿಲ್ಲ.

ಹೆಂಡತಿ ಕೈಮುಗಿದಳು. ಟೈಪಮ್ಮ ಅವಳ ಬೆನ್ನು ತಟ್ಟಿದಳು. ದಫೇದಾರರು ಇಲ್ಲದ ಬೆಳ್ಳಿಕೋಲನ್ನು ಹಿಡಿದವರ ಹಾಗೆ ಎದೆ ಎತ್ತಿ ನಿಂತರು.

ಹಿರಿಯ ಜಡ್ಜ್: ಆದ್ರೆ ದಫೇದಾರರು ಹೇಳಿದ್ದನ್ನ ನಾವು ಗಂಭೀರವಾಗಿ ತಗೊಂಡಿದೀವಿ. ಸೂರು, ಪಾಯ, ಎಲ್ಲಾ ರಿಪೇರಿ ಆಗ್ಬೇಕು. ಅದು ಮುಗಿಯೋವರೆಗೂ ಕಲಾಪ ಬೇರೆ ಕಡೆ, ಈ ಕಟ್ಟಡಕ್ಕೆ ಬೀಗ. ಯಾರಿಗೂ ಪ್ರವೇಶ ಇಲ್ಲ.

ಹೆಂಡತಿ: ಎಷ್ಟು ದಿನ ಸ್ವಾಮಿ?

ಹಿರಿಯ ಜಡ್ಜ್: ಮಾವ ಅಳಿಯ ತಗೊಂಡಷ್ಟು ಆಗಲ್ಲಮ್ಮ. ವರ್ಷ ಅಂತೂ ಆಗುತ್ತೆ.

ದಾರಿಯುದ್ದಕ್ಕೂ ಹೆಂಡತಿ ಮುಂದೆ ಮುಂದೆ ನಡೆದಳು. ದಫೇದಾರರೇ ಮಾತಾಡಿದರು.

ದಫೇದಾರ: ಗೆದ್ವಿ ನೋಡು! ನನ್ನ ಛತ್ರಿ ಕಥೆಗೆ ಎಷ್ಟು ನಕ್ಕರು! ಏನೇ ಆಗ್ಲಿ, ಒಂದು ವರ್ಷ ಬಿಡುವಾಯ್ತು. ನಾಳೆ ದೇವರ ಗೂಡು ಸರಿಮಾಡೋಣ. ಎಣ್ಣೆ ಬತ್ತಿಗೆಲ್ಲಾ ಒಂದು ಕ್ರಮ ಬೇಕು.

ಹೆಂಡತಿ ಆಕಾಶದ ಕಡೆ ನೋಡಿದಳು.

ಹೆಂಡತಿ: ಕಟ್ಟಡ ಉಳಿಸು ಅಂತ ಕೇಳ್ದೆ. ಬಾಗಿಲು ತೆಗೆದಿಡು ಅಂತ ಕೇಳೋದು ಮರೆತೆ. ತಪ್ಪು ನಂದೇ ಬಿಡು.

ಬೆಳಿಗ್ಗೆ ಎದ್ದ ದಫೇದಾರರು ಮುಖ ತೊಳೆದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

ದಫೇದಾರ: ಮನೆ ಯಜಮಾನಿ ಹಾಜರಿದ್ದಾರಾ?

ಉತ್ತರವಿಲ್ಲ. ಎರಡನೇ ಸಲ ಕೂಗಿದರು. ಕುಕ್ಕರ್ ಕೂಡ ಓಗೊಡಲಿಲ್ಲ. ಮೂರನೇ ಸಲ ಕೂಗಿ ಒಳಗೆ ಇಣುಕಿದರೆ ಒಲೆ ತಣ್ಣಗಿತ್ತು. ಅನ್ನ, ಸಾರು ಮಾಡಿ ಮುಚ್ಚಿಟ್ಟಿದ್ದಳು. ಸಕ್ಕರೆ, ಜೀರಿಗೆ, ಮೆಣಸು ತಮ್ಮ ತಮ್ಮ ಹಳೆಯ ಜಾಗಕ್ಕೆ ಮರಳಿದ್ದವು. ಹುಳ ಬಿದ್ದ ಕಡಲೆ ಮಾತ್ರ ಅವರ ತಟ್ಟೆಯ ಪಕ್ಕದಲ್ಲಿತ್ತು.

ಗೆದ್ದ ಖುಷಿ ಹೇಳಿಕೊಳ್ಳಲು ಯಾರೂ ಇಲ್ಲದ ಮನೆಯಲ್ಲಿ ದಫೇದಾರರು ಸ್ವಲ್ಪ ಹೊತ್ತು ಸುತ್ತಾಡಿದರು. ಖಾಲಿ ಮನೆಯಲ್ಲಿ ತೀರ್ಮಾನ ಮಾಡುವುದರಲ್ಲಿ ರುಚಿಯಿರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟರು. ಕಾಲು ತಾನಾಗಿ ಹೈಕೋರ್ಟಿನ ದಾರಿ ಹಿಡಿಯಿತು.

ಗೇಟಿಗೆ ಬೀಗ ಬಿದ್ದಿತ್ತು. ಮೊಗಸಾಲೆಯಲ್ಲಿದ್ದ ಸಾಮಾನನ್ನೆಲ್ಲ ಕೆಲಸಗಾರರು ಹೊರಗೆ ಸಾಗಿಸಿದ್ದರು. ಅವರ ಬೆಂಚು ಟೈಪಮ್ಮನ ಮರದಡಿ ಬಂದು ಕೂತಿತ್ತು. ಬೆಂಚಿನ ಮೇಲೆ ಅವರ ಹೆಂಡತಿ ಕೂತಿದ್ದಳು. ಅವಳ ಸುತ್ತ ಕೆಲಸಗಾರರು, ಇಬ್ಬರು ವಕೀಲರು, ದಾರಿಹೋಕರು.

ಹೆಂಡತಿ: ...ಎರಡು ತಲೆಮಾರಿನವರು ಸೇರಿ ಕಟ್ಟಿದ್ದು ಕಣ್ರಪ್ಪ. ಆ ಮೇಲಿನ ಕಿಟಕಿ ಮಾವಂದು, ಈ ಕೆಳಗಿನದು ಅಳಿಯಂದು. ಹುಬ್ಬು ಎತ್ತಿದ ಹಾಗಿಲ್ವಾ?

ಎಲ್ಲರೂ ನಕ್ಕರು. ದಫೇದಾರರು ಜನರ ನಡುವೆ ನುಸುಳಿ ಮುಂದೆ ಬಂದರು.

ದಫೇದಾರ: ಏ, ಅದು ನನ್ನ ಕಥೆ!

ಹೆಂಡತಿ: ಇದು ನಿಮ್ಮ ಬೆಂಚೂ ಹೌದು.

ದಫೇದಾರ: ಮತ್ತೆ? ಸ್ವಲ್ಪ ಸರಿ ಆ ಕಡೆ. ಕೂತ್ಕೋತೀನಿ.

ಹೆಂಡತಿ: ಹಂಗೆಲ್ಲಾ ಬಂದು ಕೂರೋ ಹಾಗಿಲ್ಲ. ಅಲ್ಲಿ, ಆ ಗೇಟಿನ ಹತ್ರ ಹೋಗಿ ನಿಂತ್ಕೊಳ್ಳಿ. ನಾನು ನಿಮ್ಮ ಹೆಸರು ಕೂಗ್ತೀನಿ. ಮೂರು ಸಲದೊಳಗೆ ಬರ್ಬೇಕು.

ದಫೇದಾರರು ಬೆಂಚಿನ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಗೇಟಿನ ಹತ್ತಿರ ಹೋಗಿ ನೆಟ್ಟಗೆ ನಿಂತರು. ಹೆಂಡತಿ ಟೈಪಮ್ಮನ ಕಡೆ ತಿರುಗಿದಳು.

ಹೆಂಡತಿ: ನಿನ್ನ ಚಹಾ ಮುಗಿಸ್ಕೊಳ್ಳೇ, ಆಮೇಲೆ ಕೂಗೋಣ. ಅವಸರ ಏನಿದೆ, ಒಂದು ವರ್ಷ ಇದೆಯಲ್ಲ.