ರಹಮತ್‌ಬೀ ಮಾತ್ರೆಯನ್ನು ನಾನು ಕದ್ದದ್ದು

ಆಸ್ಪತ್ರೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಓದಿದ್ದು ಮೂರನೇ ಕ್ಲಾಸಾದರೂ ಯಲಹಂಕದ ಹಳೇ ನರ್ಸಿಂಗ್ ಹೋಮಿನಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು ನಾನು! ಸಿರಿಂಜು ಸ್ಟವ್ ಮೇಲೆ ಕುದಿಯುತ್ತಿದ್ದ ಕಾಲ ಅದು. ಇದ್ದ ಒಂದೇ ಥರ್ಮಾಮೀಟರ್ ಒಡೆದು, ಗುಡಿಸಿ ಹಾಕಿ, ಬಾಯಿ ಮುಚ್ಚಿಕೊಂಡಿದ್ದೆ. ಹೊಸದು ಬರುವವರೆಗೆ ಡಾಕ್ಟರು ಹಣೆ ಮುಟ್ಟಿಯೇ ಜ್ವರ ನೋಡಿದರು. ಎಂಥ ಒಳ್ಳೆಯ ಕಾಲ!

ಹೋದ ವರ್ಷ ಕಾಲು ಮುರಿದುಕೊಂಡು ಅಲ್ಲಾಳಸಂದ್ರದ ಕಡೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಲಗಿದ್ದೆ. ನರ್ಸಿಂಗ್ ಓದುವ ಹುಡುಗಿ ಶಿಲ್ಪಾ ಬೆಳಿಗ್ಗೆ ಮಾತ್ರೆ ಕೊಟ್ಟಳು, ನುಂಗಿದೆ. ಅವಳ ಮುಖ ಬಿಳಿಚಿಕೊಂಡಿತು.

“ಅಜ್ಜಿ, ಪಕ್ಕದ ಬೆಡ್ ರಹಮತ್‌ಬೀ ಅವ್ರ ಬಿ.ಪಿ. ಮಾತ್ರೆ ನಿಮ್ಗೆ ಕೊಟ್ಬಿಟ್ಟೆ!”

“ಹೋಗಿ ಸಿಸ್ಟರ್‌ಗೆ ಹೇಳು ಮತ್ತೆ.”

“ಹೇಳಿದ್ರೆ ಎಲ್ರ ಮುಂದೆ ನಿಲ್ಸಿ ಬೈತಾರೆ. ತಪ್ಪು ಬರೆಯೋ ಫಾರಂನಲ್ಲಿ ನನ್ ಹೆಸ್ರು ಬರೆದು ಕಾಲೇಜಿಗೆ ಕಳಿಸ್ತಾರೆ. ಹೋದ್ವಾರ ಒಬ್ಳು ನಿಜ ಹೇಳಿ ಇನ್ನೂ ಬೆಡ್‌ಶೀಟ್ ಮಡಿಸ್ತಿದಾಳೆ. ನನ್ನ ಫೇಲ್ ಮಾಡಿದ್ರೆ?”

ನಮ್ಮ ಕಾಲದ ಹುಡುಗಿಯರೂ ಹೀಗೇ ಸ್ಟೋರ್ ರೂಮಿಗೆ ಬಂದು ಅಳುತ್ತಿದ್ದರು. ಅವರಿಗೆಲ್ಲ ಸುಳ್ಳು ಹೆಣೆದು ಕೊಡುತ್ತಿದ್ದವಳು ನಾನೇ. ಆ ವಿದ್ಯೆ ಮರೆತುಹೋಗುವುದುಂಟೇ?

“ಸಿಸ್ಟರಮ್ಮಾ! ರಹಮತ್‌ಬೀ ಮಾತ್ರೇನ ನಾನೇ ಕದ್ದು ನುಂಗ್ದೆ!” ಎಂದು ಕೂಗಿದೆ.

“ಯಾಕಜ್ಜಿ?” ಎಂದು ಸಿಸ್ಟರ್ ಓಡಿ ಬಂದರು.

ಇದಕ್ಕೆ ಉತ್ತರ ಯೋಚಿಸಿರಲಿಲ್ಲ. “ಪೆಪ್ಪರ್‌ಮೆಂಟ್ ಅನ್ಕೊಂಡೆ.”

“ಯಾ ಅಲ್ಲಾ! ನನ್ಗೆ ಕೇಳಿದ್ರೆ ಬಿಸ್ಕತ್ ಕೊಡ್ತಿದ್ನಲ್ಲಮ್ಮ!” ಎಂದರು ರಹಮತ್‌ಬೀ.

ಡಾಕ್ಟರು ಬಂದು ಬಿ.ಪಿ. ನೋಡಿದರು. ಆಮೇಲೆ ಮೆಲ್ಲಗೆ, “ಇವತ್ತು ಯಾವ ವಾರ ಅಜ್ಜಿ?” ಎಂದರು.

ಒಂಬತ್ತು ದಿನ ಅದೇ ಸೂರು ನೋಡಿದವಳಿಗೆ ಯಾವ ವಾರವಾದರೇನು? ಸೋಮವಾರ ಎಂದೆ. ಶುಕ್ರವಾರವಂತೆ!

ಫೈಲಿನಲ್ಲಿ ಏನೋ ಬರೆದರು. ಮಂಚದ ಎರಡೂ ಕಡೆ ಕಂಬಿ ಎತ್ತಿಸಿದರು. “ಅಜ್ಜಿಗೆ ಬುದ್ಧಿ ನಿಲ್ತಿಲ್ಲ. ತಲೆ ಸ್ಕ್ಯಾನ್ ಮಾಡ್ಸಿ,” ಎಂದು ಅಪ್ಪಣೆಯಾಯಿತು.

ಸ್ಕ್ಯಾನ್ ಎಂದದ್ದೇ ತಡ, ಶಿಲ್ಪಾ ಅಳುತ್ತ ಮುಂದೆ ಬಂದಳು. “ಸರ್, ಅಜ್ಜಿ ಏನೂ ಕದ್ದಿಲ್ಲ. ತಪ್ಪು ಮಾತ್ರೆ ಕೊಟ್ಟಿದ್ದು ನಾನು.”

ಸಿಸ್ಟರ್ ಎಲ್ಲರ ಮುಂದೆಯೇ ಬೈದರು. ಹುಡುಗಿ ಸುಮ್ಮನೆ ಹೆದರಿರಲಿಲ್ಲ! ಬೈದು ಸುಸ್ತಾದ ಮೇಲೆ ಕುರ್ಚಿ ಎಳೆದುಕೊಂಡು, “ಬಾ, ಫಾರಂ ಇಬ್ರೂ ಸೇರಿ ಬರೆಯೋಣ. ಎರಡು ಬೆಡ್ ಮಾತ್ರೆ ಒಂದೇ ಟ್ರೇನಲ್ಲಿಟ್ಟಿದ್ದು ನಾನೇ,” ಎಂದರು. ಶಿಲ್ಪಾ ಫೇಲಾಗಲಿಲ್ಲ. ಸ್ಕ್ಯಾನೂ ನಿಂತಿತು.

“ನಾನು ಹೇಳಿದ್ದು ಸುಳ್ಳು ಅಂತ ಗೊತ್ತಾಯ್ತಲ್ಲ, ಕಂಬಿ ಇಳ್ಸಿ,” ಎಂದೆ.

“ಯಾವ್ದಜ್ಜಿ ಸುಳ್ಳು? ಪೆಪ್ಪರ್‌ಮೆಂಟಾ, ಸೋಮವಾರಾನಾ?” ಎಂದರು ಡಾಕ್ಟರು.

ಸೋಮವಾರ ಎಂದು ಮಾತ್ರ ನಾನು ಮನಸಾರೆ ನಂಬಿಯೇ ಹೇಳಿದ್ದೆ. ಕಂಬಿ ಇಳಿಯಲಿಲ್ಲ.